ಕೆಂಡ ತೆಗೆದ ಮೇಲೆ

ನಾನು ಹುಟ್ಟಿದ ದಿನ ಬೆಳಗ್ಗೆ ಆಷಾಢದ ಗಾಳಿ ಬೀಸುತ್ತಿತ್ತು. ಮಳೆಯಿಲ್ಲ, ಬರೀ ಗಾಳಿ, ಬರೀ ಧೂಳು. ಎರಕದವನು ಬಾಗಿಲಿಗೆ ಗೋಣಿತಾಟು ಕಟ್ಟಿ, ಗಾಳಿ ತುಸು ತಗ್ಗುವವರೆಗೆ ಕಾದು, ಕರಗಿದ ಹಿತ್ತಾಳೆಯನ್ನು ಮಣ್ಣಿನ ಅಚ್ಚಿಗೆ ಹೊಯ್ದ. ಹೀಗೆ ನಾನು ಒಂದು ಇಸ್ತ್ರಿ ಪೆಟ್ಟಿಗೆಯಾದೆ. ಹೊಟ್ಟೆಯಲ್ಲಿ ಕೆಂಡ ತುಂಬಿಕೊಳ್ಳುವ ಜಾತಿ. ತೂಕ ಏಳು ಕಿಲೋ. ಮುಚ್ಚಳದ ಕೊಂಡಿಯ ಮೇಲೆ ಪುಟ್ಟದೊಂದು ಹುಂಜ. ಅದು ಇವತ್ತಿನವರೆಗೂ ಕೂಗಿಲ್ಲ.

ಹರಿಹರದ ಹೊಳೆದಂಡೆಯ ಓಣಿಗೆ ನನ್ನನ್ನು ತಂದವಳು ಮಡಿವಾಳರ ಕೆಂಚವ್ವ. ಹೊಂಗೆಮರದ ಕೆಳಗೆ ಚಪ್ಪಡಿ ಕಲ್ಲು, ಅದರ ಮೇಲೆ ನಾನು. ದಿನಾ ಬೆಳಗ್ಗೆ ಕೆಂಡ ಹಾಕುವ ಮೊದಲು ಅವಳು ನನ್ನ ಹಣೆಗೆ ವಿಭೂತಿ ಹಚ್ಚಿ, "ಮಾಚಯ್ಯ ತಂದೆ, ಯಾರ ಮೈಮೇಲಿನ ಬಟ್ಟೀನೂ ನನ್ನ ಕೈಯಾಗೆ ಕೆಡಬಾರದು" ಅನ್ನುತ್ತಿದ್ದಳು. ವಯಸ್ಸಾದ ಮೇಲೆ ನನ್ನ ಹಿಡಿಯನ್ನು ಸೊಸೆ ಕೊಟ್ರಮ್ಮನ ಕೈಗಿಟ್ಟು, "ಕಣ್ಣು ನಂಬಬ್ಯಾಡ. ಬಟ್ಟೆ ಸುಡೋಕ್ಕಿಂತ ಮೊದಲು ಮೂಗಿಗೆ ಹೇಳ್ತೈತಿ" ಎಂದು ಕಲಿಸಿ ಕಣ್ಣುಮುಚ್ಚಿದಳು.

ಕೊಟ್ರಮ್ಮ ಅತ್ತೆಯನ್ನೂ ಮೀರಿಸಿದಳು. ಗಂಡ ರೇವಣ್ಣ ಹೊಳೆಯಲ್ಲಿ ಒಗೆದು ತರುವನು, ಇವಳು ಇಸ್ತ್ರಿ ತೀಡುವಳು. ಮೂವತ್ತೆರಡು ಮನೆಯ ಬಟ್ಟೆ ಅವಳಿಗೆ ಮುಟ್ಟಿದರೇ ಗುರುತು. ಯಾವ ಅಂಗಿ ಯಾರ ಮನೆಯದೆಂದು ಚೀಟಿ ಬರೆದವಳಲ್ಲ.

ಆಮೇಲೆ ಕರೋನಾ ಬಂತು. ಹತ್ತೊಂಬತ್ತು ದಿನ ಅವಳು ಮಲಗಿದಳು, ನಾನು ತಣ್ಣಗೆ ಕೂತೆ. ಎದ್ದು ಬಂದಾಗ ಆಸ್ಪತ್ರೆಯ ಚೀಟಿಯಲ್ಲಿ ರೋಗ ಇಲ್ಲವೆಂದಿತ್ತು. ಆದರೆ ನನ್ನನ್ನು ಎತ್ತಿದ ಕೈ ಬೇರೆಯೇ ಕತೆ ಹೇಳಿತು. ಒಂದು ಅಂಗಿ ತೀಡಿದರೆ ಮರಕ್ಕೆ ಒರಗಿ ಏದುಸಿರು. ಎರಡನೆಯದಕ್ಕೆ ಎದೆ ಢವಗುಟ್ಟುವುದು. ಒಂದು ದಿನ ಬಿಳಿ ಅಂಗಿಯ ಬೆನ್ನು ನನ್ನ ಕೆಳಗೆ ಕರಿಯಾಗುತ್ತಿತ್ತು. ವಾಸನೆ ಓಣಿಯ ತುದಿಗೆ ಮುಟ್ಟಿತು, ಅವಳ ಮೂಗಿಗೆ ಮುಟ್ಟಲಿಲ್ಲ. ಹೊಗೆ ಕಣ್ಣಿಗೆ ಬಿದ್ದ ಮೇಲೆ ಹೌಹಾರಿ ನನ್ನನ್ನೆತ್ತಿದಳು. ನನಗೆ ಬಾಯಿದ್ದಿದ್ದರೆ!

ವರ್ಷ ಕಳೆಯಿತು. ಡಾಕ್ಟರು ಎಲ್ಲ ಪರೀಕ್ಷೆಯೂ ಚೆನ್ನಾಗಿದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದರು.

"ಏನ್ ಕೊಟ್ರಮ್ಮ, ನಿನ್ನ ಕರೋನಾಕ್ಕೆ ಇನ್ನೆಷ್ಟು ವರ್ಷ ರಜಾ?" ಎಂದು ಮೂಲೆಮನೆ ಹನುಮಕ್ಕ ಚೇಷ್ಟೆ ಮಾಡಿದಳು.

"ಹೋಗು ಅಂದ್ರೂ ಹೋಗಲ್ದು ಹನುಮಕ್ಕ. ಬಾಡಿಗಿ ಕೊಡದೇ ಮನಿ ಹಿಡಿದೈತಿ," ಎಂದು ಇವಳೂ ನಕ್ಕಳು. ನಕ್ಕು ಮುಗಿಸುವಷ್ಟರಲ್ಲಿ ನನ್ನನ್ನು ಕಲ್ಲಿಗಿಳಿಸಿ ಮರಕ್ಕೆ ಒರಗಿದಳು.

ಮಾತಿನ ನಡುವೆ ಅವಳಿಗೆ ಮಾತು ಮರೆಯತೊಡಗಿತು. ಆಗಲೇ ಎದುರುಮನೆಯ ಶಾಂತವೀರಮ್ಮ ಟೀಚರ್ ಬಂದು, ಇಸ್ತ್ರಿಗೆ ಕೊಟ್ಟಿದ್ದ ತಮ್ಮ ತಾಯಿಯ ಧಾರೆ ಸೀರೆ ಕೇಳಿದರು. ತಾಯಿ ಹೋದ ಮೇಲೆ ಉಳಿದಿದ್ದು ಅದೊಂದೇ. ಕೊಟ್ರಮ್ಮ ಗಂಟುಗಳನ್ನೆಲ್ಲ ಬಿಚ್ಚಿ ಕಟ್ಟಿದಳು, ಕಟ್ಟಿ ಬಿಚ್ಚಿದಳು. ಸೀರೆ ಇರಲಿಲ್ಲ.

ನಮ್ಮ ಓಣಿಯಲ್ಲೊಂದು ಕಟ್ಟಳೆ. ಬಟ್ಟೆ ಕಾಣದಾದರೆ ಮಡಿವಾಳರು ಇಸ್ತ್ರಿ ಪೆಟ್ಟಿಗೆ ಮುಟ್ಟಿ, ಮಾಚಯ್ಯನ ಹೆಸರಿನಲ್ಲಿ "ನನ್ನ ಹತ್ರ ಇಲ್ಲ" ಅಂದರೆ ಸಾಕು. ಆ ಮಾತು ಅಲ್ಲಿಗೇ ಮುಗಿಯಿತು.

"ಮುಟ್ಟಿ ಹೇಳಿಬಿಡು ಕೊಟ್ರಮ್ಮ, ನಂಬ್ತೀನಿ," ಎಂದರು ಟೀಚರ್.

ಅಂಗೈ ನನ್ನ ಮುಚ್ಚಳದ ಮೇಲೆ ಬಂತು. ಒಂದು ಗೇಣಿನಷ್ಟು ದೂರದಲ್ಲಿ ನಿಂತಿತು. ಮುಟ್ಟು ತಾಯಿ, ಮುಟ್ಟು ಎಂದು ನಾನು ಒಳಗೊಳಗೇ ಬೇಡಿಕೊಂಡೆ.

"ಎಲ್ಲಿಟ್ಟೆ, ಯಾರಿಗೆ ಕೊಟ್ಟೆ, ಒಂದೂ ನೆನಪಿಲ್ರೀ ಟೀಚರಮ್ಮ," ಎಂದು ಕೈ ಹಿಂದಕ್ಕೆ ತೆಗೆದುಕೊಂಡಳು. "ನೆನಪಿಲ್ಲದ್ದಕ್ಕೆ ದೇವರ ಹೆಸರು ಹೆಂಗ್ ಹೇಳ್ಲಿ?"

"ಮುಟ್ಟಲಿಲ್ಲ ಅಂದ್ರೆ ಗೊತ್ತಾಯ್ತಲ್ಲ," ಎಂದಿತು ಓಣಿ. ಮನೆಗಳು ಒಂದೊಂದಾಗಿ ಕರೆಂಟಿನ ಇಸ್ತ್ರಿ ಅಂಗಡಿಗೆ ಹೋದವು. ನಾನು ಮರದಡಿಯಿಂದ ಜಗಲಿಯ ಮೂಲೆಗೆ ಬಂದೆ, ಹೊಟ್ಟೆಯಲ್ಲಿ ಹಳೆಯ ಬೂದಿ. ಕೊಟ್ರಮ್ಮ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂರುವಳು. ರೇವಣ್ಣ ಗಂಜಿ ತಂದಿಟ್ಟು, "ನಾಕು ಗುಟುಕು ಕುಡಿ, ಕೊಟ್ರಿ" ಎಂದು ಗೋಗರೆಯುವನು. ಅವಳು ಮಾತಾಡುತ್ತಿದ್ದುದು ಸತ್ತ ಅತ್ತೆಯೊಡನೆ: "ನಾನು ಕಳ್ಳಿನೋ ಹುಚ್ಚಿನೋ, ಅಷ್ಟಾದ್ರೂ ಹೇಳು ಅತ್ತೆ. ಯಾವ್ದಾದ್ರೂ ಒಂದು ಆದ್ರೆ ತಡ್ಕೋತೀನಿ."

ನಾನು ಹಿತ್ತಾಳೆ. ಕೆಂಡ ಸುರಿದ ಮೇಲೂ ಬಹಳ ಹೊತ್ತು ಮೈ ಸುಡುತ್ತದೆ ನನಗೆ. ಕೆಂಡ ತೆಗೆದಾಯ್ತಲ್ಲ, ಇನ್ನೂ ಯಾಕೆ ಸುಡ್ತೀಯ, ಸುಳ್ಳಿ ಎಂದು ನನ್ನನ್ನು ಯಾರೂ ಬೈದಿಲ್ಲ. ಮನುಷ್ಯರ ಮೈಗೆ ಮಾತ್ರ ಆ ರಿಯಾಯಿತಿ ಇಲ್ಲವೇ, ಶಿವನೇ?

ಒಂದು ಮಧ್ಯಾಹ್ನ ಹನುಮಕ್ಕ ಸೆರಗಿನಡಿ ಏನೋ ಹಿಡಿದು ಬಂದಳು. ತೆಗೆದರೆ ಆ ಸೀರೆ.

"ನಮ್ಮ ಗಂಟಿನಾಗೇ ಬಂದಿತ್ತು. ಮಗಳ ಸೀಮಂತಕ್ಕೆ ಒಂದಿನ ಉಡಿಸಿ ಕೊಟ್ರಾಯ್ತು ಅಂದ್ಕೊಂಡೆ. ಅಷ್ಟರಾಗೆ ಆಣೆ ಮಾತು ಬಂತು. ಆಮ್ಯಾಲೆ ನಾಲಿಗಿ ಏಳಲಿಲ್ಲ ಕಣೇ." ಅವಳು ಮುಖ ಎತ್ತಲಿಲ್ಲ.

ಕೊಟ್ರಮ್ಮ ಬೈಯಲಿಲ್ಲ. ಸೀರೆಯ ಅಂಚು ಬಿಡಿಸಿ ನೋಡುತ್ತ ಕೂತಳು. ತಾನು ಕದ್ದವಳಲ್ಲ. ಆದರೆ ಮೂವತ್ತೆರಡು ಮನೆ ಬಲ್ಲ ಕೈಯೇ ಇದನ್ನು ಬೇರೆ ಮನೆಗೆ ಹಾಕಿತ್ತು. ಯಾರೋ ಕದ್ದಿರಲಿ ಎಂಬ ಕೊನೆಯ ಆಸೆಯೂ ಹೋಯಿತು.

"ಸುಕ್ಕಾಗೈತಿ," ಎಂದಳು ಕಡೆಗೆ. "ಕೂತ್ಕೋ ಹನುಮಕ್ಕ. ತೆಂಗಿನ ಚಿಪ್ಪಿನ ಕೆಂಡ ಹಾಕ್ತೀನಿ. ವಾಸನೆ ಬಂದ್ರೆ ನೀನು ಕೂಗು. ನನಗೆ ಗೊತ್ತಾಗಲ್ಲ."

ರೇವಣ್ಣ ನನ್ನನ್ನು ಹೊತ್ತು ಮರದಡಿಯ ಕಲ್ಲಿಗೆ ತಂದ. ರೇಷ್ಮೆಯ ಮೇಲೆ ಹಳೆ ಪಂಚೆ ಹಾಸಿ ಕೊಟ್ರಮ್ಮ ತೀಡಿದಳು. ನಾಲ್ಕು ಸಲ ನಿಂತು ಸುಧಾರಿಸಿಕೊಂಡಳು. ಹನುಮಕ್ಕ ಕಲ್ಲಿನ ಪಕ್ಕ ಮಂಡಿಯೂರಿ, ಅಳುತ್ತಲೇ ಮೂಗು ಚಾಚಿ ಕೂತಿದ್ದಳು.

ಮಡಿಚಿದ ಸೀರೆ ಹಿಡಿದು ಕೊಟ್ರಮ್ಮ ಎದುರುಮನೆಯ ಮೂರು ಮೆಟ್ಟಿಲು ಹತ್ತುವುದನ್ನು ಇಲ್ಲಿಂದಲೇ ನೋಡಿದೆ. ಪ್ರತಿ ಮೆಟ್ಟಿಲಿಗೂ ನಿಂತಳು. ಬಾಗಿಲು ತೆರೆಯಿತು.

"ಎಲ್ಲಿತ್ತು ಕೊಟ್ರಮ್ಮ? ಯಾರ ಹತ್ರ?"

ಅವಳು ಯಾರ ಹೆಸರನ್ನೂ ಹೇಳಲಿಲ್ಲ. ಎರಡೂ ಕೈಯಲ್ಲಿ ಸೀರೆಯನ್ನು ಟೀಚರಮ್ಮನ ಕೈಗಿಟ್ಟಳು.