ಒಂದೇ ಮುಖದ ಎರಡು ಸಾಲುಗಳು

ಇದೋವು ಆ ಬಟನ್ ಒತ್ತಿದ್ದು ಸೋಮವಾರ. ಅನಾಹುತವಾಗಿದೆ ಎಂದು ಗೊತ್ತಾದದ್ದು ಗುರುವಾರ, ಮಟಮಟ ಮಧ್ಯಾಹ್ನ. ನಡುವಿನ ದಿನಗಳಲ್ಲಿ ಅವಳು ಹೊಟ್ಟೆ ತುಂಬಾ ಉಂಡು, ಕಣ್ತುಂಬಾ ನಿದ್ದೆ ಮಾಡಿ, ತನ್ನ ಪ್ರೋಗ್ರಾಮಿನ ಬಗ್ಗೆ ತಾನೇ ಬೀಗಿಕೊಂಡು ಓಡಾಡಿದ್ದಳು. ಪಾಪ, ಅಷ್ಟಾದರೂ ಸುಖಪಟ್ಟಳಲ್ಲ.

ಲೇಗೋಸ್ ಪಟ್ಟಣದಾಚೆಯ ಇಗ್ಬೋ-ಓರಾ ಊರಿನ ಸಂತೆಬೀದಿಯಲ್ಲಿ ಲಾಸಿಸಿಯ ಕಂಪ್ಯೂಟರ್ ಅಂಗಡಿ. ಸುತ್ತಮುತ್ತಲಿನ ಶಾಲೆಗಳ ಮಕ್ಕಳನ್ನು ಕೊನೆಯ ವರ್ಷದ ಪರೀಕ್ಷೆಗೆ ನೋಂದಾಯಿಸುವ ಕೆಲಸ ಆ ವರ್ಷ ಅವನ ಪಾಲಿಗೆ ಬಂದಿತ್ತು. ಅದಕ್ಕೆ ಬೇಕಾದ ಪ್ರೋಗ್ರಾಂ ಬರೆದವಳು ಅಂಗಡಿಯಲ್ಲಿ ಕೆಲಸಕ್ಕಿದ್ದ ಇದೋವು. ಶಾಲೆಯವರೋ, ಅದೇ ಮಕ್ಕಳ ಹೆಸರನ್ನು ಎರಡೆರಡು ಮೂರುಮೂರು ಸಲ ತಂದು ತುಂಬಿಸುತ್ತಿದ್ದರು. ಒಂದೇ ಮಗು ಎರಡು ಸಲ ಕಂಡರೆ ಪರೀಕ್ಷಾ ಮಂಡಳಿ ಇಡೀ ಫೈಲನ್ನೇ ಮುಖಕ್ಕೆ ಎಸೆಯುತ್ತಿತ್ತು. ಪ್ರೋಗ್ರಾಂ ಬರೆಯುವವರಲ್ಲಿ ಈ ತೊಂದರೆ ಬಾರದವರು ಯಾರಿದ್ದಾರೆ? ಇಂಟರ್ನೆಟ್ಟಿನಲ್ಲಿ ಹುಡುಕಿದಳು. ಎಲ್ಲೋ ದೂರದ ಪುಣ್ಯಾತ್ಮನೊಬ್ಬ ಮದ್ದು ಬರೆದಿಟ್ಟಿದ್ದ. ಮನೆತನದ ಹೆಸರು, ಹುಟ್ಟಿದ ದಿನ, ವಿಳಾಸ, ಮನೆಯ ಫೋನ್ ನಂಬರು ಇವಿಷ್ಟೂ ಒಂದೇ ಆಗಿದ್ದರೆ ಮನುಷ್ಯನೂ ಒಬ್ಬನೇ. ಮೊದಲ ಸಾಲನ್ನು ಇಟ್ಟುಕೋ, ಉಳಿದದ್ದನ್ನು ಅಳಿಸಿಹಾಕು. ಮಕ್ಕಳ ಹೆಸರನ್ನು ಒಂದೊಂದು ಸಲ ಒಂದೊಂದು ಥರ ಬರೆಯುತ್ತಾರಾದ್ದರಿಂದ ಅದನ್ನು ನಂಬಬೇಡ ಎಂದೂ ಬುದ್ಧಿ ಹೇಳಿದ್ದ. ಇದೋವು ಅದನ್ನು ಇದ್ದ ಹಾಗೇ ಎತ್ತಿ ತನ್ನ ಪ್ರೋಗ್ರಾಮಿನೊಳಗೆ ಇಟ್ಟು, ಸೋಮವಾರ ಬಟನ್ ಒತ್ತಿದಳು.

ಆ ಪುಣ್ಯಾತ್ಮ ಇಗ್ಬೋ-ಓರಾ ನೋಡಿರಲಿಲ್ಲ, ಅವನನ್ನು ಬಿಡಿ. ಇವಳಿಗೆ ಏನಾಗಿತ್ತು ಅಂತೀನಿ! ಮನೆಗೊಂದು ಜೋಡಿ ಅವಳಿ ಇರುವ ಊರು ಇದು. ಮೊದಲು ಬಂದದ್ದು ತೈವೋ, ಹಿಂದೆ ಬಂದದ್ದು ಕೆಹಿಂಡೆ. ಗಂಡಾದರೂ ಅದೇ ಹೆಸರು, ಹೆಣ್ಣಾದರೂ ಅದೇ ಹೆಸರು. ಅವಳಿಗಳ ಬೆನ್ನಿಗೆ ಹುಟ್ಟಿದ ಮಗುವಿಗೆ ಇದೋವು ಎಂದು ಕರೆಯುತ್ತಾರೆ. ಅಂದರೆ ಇವಳೂ ಇಬ್ಬರು ಅವಳಿ ಅಕ್ಕಂದಿರ ಜಗಳ ಬಿಡಿಸುತ್ತಲೇ ದೊಡ್ಡವಳಾದವಳು. ಕಂಪ್ಯೂಟರಿನ ಮುಂದೆ ಕೂತ ತಕ್ಷಣ ಸ್ವಂತ ಅಕ್ಕಂದಿರೇ ಮರೆತುಹೋದರು.

ಗುರುವಾರ ಇಬ್ಬರು ಅವಳಿ ಹುಡುಗಿಯರು ತಮ್ಮ ವಿವರ ಸರಿಯಿದೆಯೇ ನೋಡಲು ಬಂದರು. "ಆಂಟಿ, ಇವಳದ್ದು ಬಂದಿದೆ. ನಂದೆಲ್ಲಿ?" ಎಂದಳು ಅವರಲ್ಲೊಬ್ಬಳು. ಇದೋವು ನಗುತ್ತಲೇ ತೈವೋ ಎಂದು ಮನೆತನದ ಹೆಸರಿನೊಡನೆ ಟೈಪು ಮಾಡಿ ಹುಡುಕಿದಳು. ಸಿಗಲಿಲ್ಲ. ಮನೆತನದ ಹೆಸರು ತೆಗೆದು ಬರೀ ತೈವೋ ಎಂದು ಹುಡುಕಿದಳು. ಇಡೀ ಪಟ್ಟಿಯಲ್ಲಿ ಒಬ್ಬ ತೈವೋನೂ ಇರಲಿಲ್ಲ. ಪಟ್ಟಿ ಇಂಗ್ಲಿಷ್ ಅಕ್ಷರಕ್ರಮದಲ್ಲಿತ್ತು. ಕೆಹಿಂಡೆ ಮೊದಲು ಬರುತ್ತಾನೆ, ಆಮೇಲೆ ತೈವೋ. ಮೊದಲನೆಯದನ್ನು ಇಟ್ಟುಕೊಂಡು ಉಳಿದದ್ದನ್ನು ಪ್ರೋಗ್ರಾಂ ಗುಡಿಸಿ ಹಾಕಿತ್ತು.

"ಓಗಾ..." ಎಂದು ಯಜಮಾನನನ್ನು ಕರೆದಳು.

ಲಾಸಿಸಿ ಬಂದು ನೋಡಿದ. ಎರಡು ಸಲ ಕನ್ನಡಕ ಒರೆಸಿಕೊಂಡ. "ತೈವೋ ಇಲ್ವಾ? ಈ ಊರಲ್ಲಾ? ಬೀದೀಲಿ ನಿಂತು ಕಲ್ಲು ಹೊಡೆದ್ರೆ ತೈವೋ ತಲೆ ಮೇಲೇ ಬೀಳತ್ತೆ ಕಣೇ! ಎಲ್ಲಿ ಹಾಕ್ದೆ ಅವರನ್ನೆಲ್ಲ?"

"ಅಳಿಸ್ಬಿಟ್ಟೆ ಓಗಾ."

"ಯಾ ಅಲ್ಲಾ! ಹಳೇ ಫೈಲ್ ಇರ್ಬೇಕಲ್ಲ, ತೆಗಿ ಅದನ್ನ."

"ಅದರ ಮೇಲೇ ಹೊಸದು ಬರ್ಕೊಂಡಿದೆ."

"ಶಾಲೆಯೋರ ಪೆನ್‌ಡ್ರೈವು?"

"ವೈರಸ್ ಇದೆ ಅಂತ ನಾನೇ ಎಲ್ಲಾ ಅಳಿಸಿ ವಾಪಸ್ ಕೊಟ್ಟೆ."

"ಮಕ್ಕಳು ತುಂಬಿದ್ದ ಅರ್ಜಿಗಳು?"

"ಮೊನ್ನೆ ನೀವೇ ಕಾರಲ್ಲಿ ಇಬಾದಾನ್‌ಗೆ, ಮಂಡಳಿ ಆಫೀಸಿಗೆ ಕಳ್ಸಿದ್ರಲ್ಲ."

ಲಾಸಿಸಿ ಕುರ್ಚಿಯಲ್ಲಿ ಕುಸಿದು ಕೂತ. ಮಂಡಳಿಯ ಬಾಗಿಲು ಅಂದೇ ಸಂಜೆ ಆರಕ್ಕೆ ಮುಚ್ಚುವುದಿತ್ತು. ಅಷ್ಟರೊಳಗೆ ಪಟ್ಟಿಯಲ್ಲಿಲ್ಲದ ಮಗುವಿಗೆ ಈ ವರ್ಷ ಪರೀಕ್ಷೆಯಿಲ್ಲ, ಅಷ್ಟೇ. ಊರಿನ ತೈವೋಗಳೆಲ್ಲ ಮನೆಯಲ್ಲಿ ಕೂರಬೇಕು, ಕೆಹಿಂಡೆಗಳು ಪರೀಕ್ಷೆ ಬರೆದು ಮುಂದೆ ಹೋಗಬೇಕು. ಒಂದೇ ಚಾಪೆಯಲ್ಲಿ ಮಲಗಿ ಬೆಳೆದವರನ್ನು ತಾನು ನಡುವೆ ಸೀಳಿಬಿಟ್ಟೆನಲ್ಲ ಎಂದು ಇದೋವು ಹಣೆ ಚಚ್ಚಿಕೊಂಡಳು.

ಅಳಿಸಿಹೋದ ಫೈಲನ್ನು ಡಿಸ್ಕಿನಿಂದ ಕೆದಕಿ ತೆಗೆಯಲು, ತಾನೇ ಹಿಂದೆ ಬರೆದಿಟ್ಟಿದ್ದ ಇನ್ನೊಂದು ಪ್ರೋಗ್ರಾಂ ಓಡಿಸಿದಳು. ಅರ್ಧ ದಾರಿಗೆ ಕರೆಂಟು ಹೋಯಿತು. ಜನರೇಟರ್ ಹಚ್ಚಿ ಮತ್ತೆ ಮೊದಲಿನಿಂದ ಶುರು. ಈ ಸಲ ತೆರೆ ಬೆಳ್ಳಗೆ ಮಂಕಾಗಿ, ಪ್ರೋಗ್ರಾಂ ಪ್ರತಿಕ್ರಿಯಿಸುತ್ತಿಲ್ಲ ಎಂಬ ಸಾಲು ಮೂಡಿತು. ಅದೇನೂ ಸತ್ತಿರಲಿಲ್ಲ. ಒಲೆಯ ಮುಂದೆ ಮುದ್ದೆ ತಿರುವುತ್ತಿರುವವಳು ಬಾಗಿಲು ಬಡಿದರೆ ಏಳಲಾರಳಲ್ಲ, ಹಾಗೆ ಒಳಗೆ ಕೆಲಸದಲ್ಲಿತ್ತು. ಪ್ರೋಗ್ರಾಂ ಬರೆಯುವಾಗ ಭಾರದ ಕೆಲಸವನ್ನು ಬೇರೆ ಕೈಗೆ ಕೊಡಬೇಕು, ತೆರೆಯನ್ನು ನೋಡಿಕೊಳ್ಳುವ ಕೈಯನ್ನು ಬಿಡುವಾಗಿಡಬೇಕು ಎಂಬುದು ಇದೋವುಗೆ ಗೊತ್ತಿತ್ತು. ಆಮೇಲೆ ಮಾಡಿದರಾಯಿತು ಎಂದು ಬಿಟ್ಟಿದ್ದಳು. ಲಾಸಿಸಿಗೆ ಅದೆಲ್ಲ ಎಲ್ಲಿ ತಿಳಿಯಬೇಕು? ಮೌಸ್ ಕಿತ್ತುಕೊಂಡು ಟಕಟಕ ಒತ್ತತೊಡಗಿದ.

"ಒತ್ಬೇಡಿ ಓಗಾ! ಒತ್ತಿದಷ್ಟು ಸಲಾನೂ ಮೊದ್ಲಿಂದ ಮಾಡತ್ತೆ ಅದು!"

"ಮತ್ತೆ ಸುಮ್ನೆ ನೋಡ್ತಾ ಕೂರ್ಲಾ? ನನ್ನ ಅಂಗಡಿಗೆ ಬೆಂಕಿ ಹಚ್ತಾರೆ ಕಣೇ ಈ ತಾಯಂದಿರು!"

ಪ್ರೋಗ್ರಾಂ ಅಲ್ಲಿಗೇ ನೆಗೆದುಬಿತ್ತು. ಡಿಸ್ಕಿನಲ್ಲಿ ಉಳಿದಿದ್ದ ಚೂರುಪಾರೂ ಅದರ ಜೊತೆ ಹೋಯಿತು. ಇದೋವು ಕೀಬೋರ್ಡಿನ ಮೇಲೆ ತಲೆಯಿಟ್ಟು ಗೊಳೋ ಎಂದು ಅತ್ತಳು. ದೇವರೇ, ನನ್ನ ಕೈಯಾದರೂ ಬಿದ್ದುಹೋಗಬಾರದಿತ್ತೇ, ಎಂದಳು. ಲಾಸಿಸಿ ಬೈಯುವುದನ್ನು ನಿಲ್ಲಿಸಿ ನೀರು ತಂದಿಟ್ಟ. ಅವಳು ಅಳುತ್ತಲೇ ತೆರೆಯನ್ನು ದಿಟ್ಟಿಸುತ್ತಿದ್ದಳು. ಅಲ್ಲಿ ಕೆಹಿಂಡೆ, ಕೆಹಿಂಡೆ, ಕೆಹಿಂಡೆ. ಥಟ್ಟನೆ ಎದ್ದು ಕೂತಳು.

"ಓಗಾ, ಕೆಹಿಂಡೆಯಿಂದ ತೈವೋನ ಮಾಡೋಣ."

"ಏನಂದೆ?"

"ಅದೇ ಅಪ್ಪ, ಅದೇ ಅಮ್ಮ, ಅದೇ ದಿನ, ಅದೇ ಮನೆ. ಫೋಟೋನೂ ಅದೇ ಮುಖ. ಕೆಹಿಂಡೆ ಸಾಲನ್ನ ನಕಲು ಮಾಡಿ ಹೆಸರು ಮಾತ್ರ ತೈವೋ ಅಂತ ಹಾಕಿದ್ರೆ ಆಯ್ತು. ಹೆಣ್ಣಾ ಗಂಡಾ, ಯಾವ್ಯಾವ ವಿಷಯ ತಗೊಂಡಿದಾರೆ ಅಂತ ಮನೆಗೆ ಫೋನ್ ಮಾಡಿ ಕೇಳೋಣ. ಒಂದು ಗಂಡು ಒಂದು ಹೆಣ್ಣು ಆದ್ರೆ ಫೋಟೋನೂ ಫೋನಲ್ಲೇ ತರ್ಸ್ಕೊಳೋಣ."

ಲಾಸಿಸಿ ಬಾಯಿ ಬಿಟ್ಟುಕೊಂಡು ಅವಳನ್ನು ನೋಡಿದ. "ಅವಳಿಗಳ ಹಿಂದೆ ಬರೋದು ತರಲೆ ಅಂತ ನಮ್ಮಜ್ಜಿ ಹೇಳ್ತಿದ್ಲು. ನೀನು ತರಲೆಗೇ ತಾಯಿ ಕಣೇ!" ಎಂದು ತನ್ನ ಫೋನ್ ತೆಗೆದ.

ಇಬ್ಬರೂ ಎರಡು ಮೂಲೆ ಹಿಡಿದು ಕೂತರು. "ಅಮ್ಮಾ, ನಿಮ್ಮ ತೈವೋ ಹುಡುಗನಾ ಹುಡುಗೀನಾ?" ಎಂದರೆ ಒಬ್ಬಾಕೆ, "ನನ್ನ ಮಗನ ಮೇಲೆ ನಿಂಗ್ಯಾಕೆ ಕಣ್ಣು?" ಎಂದು ಬೈದು ಫೋನಿಟ್ಟಳು. ಒಬ್ಬ ತೈವೋ ಓದು ಬಿಟ್ಟು ಲೇಗೋಸಿನಲ್ಲಿ ಬಸ್ಸು ತೊಳೆಯುತ್ತಿದ್ದ. ಅವನ ಸಾಲನ್ನು ತೆಗೆದರು. ಗಡಿಯಾರದ ಮುಳ್ಳು ಓಡುತ್ತಿತ್ತು. ಹಲವರ ಫೋನ್ ಹತ್ತಲೇ ಇಲ್ಲ. ಅದು ಹೊಲದ ಕೆಲಸದ ಹೊತ್ತು.

"ಫೋನ್ ಎತ್ತದೋರದ್ದು ಏನ್ಮಾಡ್ತೀಯಾ?" ಎಂದ ಲಾಸಿಸಿ. "ಇಲ್ದೇ ಇರೋ ಮಗೂನ ಇದೆ ಅಂತ ತೋರ್ಸಿದ್ರೆ ಭೂತದ ಹೆಸರು ಅಂತಾರೆ. ಕೇಂದ್ರಕ್ಕೇ ಬೀಗ ಹಾಕ್ತಾರೆ."

ಇದೋವು ಕಣ್ಣು ಮುಚ್ಚಿದಳು. ಇಲ್ಲದ ಮಗುವನ್ನು ಸೇರಿಸಿದರೆ ತನಗೂ ಲಾಸಿಸಿಗೂ ಕುತ್ತು. ಇರುವ ಮಗುವನ್ನು ಬಿಟ್ಟರೆ ಆ ಮಗುವಿನ ವರ್ಷ ಮಣ್ಣುಪಾಲು. "ಎಲ್ರನ್ನೂ ಕೆಹಿಂಡೆ ಇದ್ದ ಹಾಗೇ ಸೇರ್ಸ್ತೀನಿ, ತಪ್ಪಿದ್ರೆ ತಿದ್ದೋಕೆ ಆಮೇಲೆ ಮಂಡಳಿ ದಿನ ಕೊಡತ್ತೆ," ಎಂದಳು. "ಕೆಹಿಂಡೆ ಇದ್ದ ಮೇಲೆ ತೈವೋ ಇರ್ಲೇಬೇಕು."

ಆರಕ್ಕೆ ಸ್ವಲ್ಪ ಮುಂಚೆ ಫೈಲು ಹೋಯಿತು. ಮಂಡಳಿ ತೆಗೆದುಕೊಂಡಿತು. ಲಾಸಿಸಿ ಓಡಿಹೋಗಿ ಬಿಸಿ ಅಕಾರಾ ವಡೆ ತಂದು ಅವಳ ಮುಂದಿಟ್ಟ. ಅವಳಿಗೆ ಒಂದು ತುಣುಕೂ ಇಳಿಯಲಿಲ್ಲ.

ಕೆಲವು ವಾರಗಳ ಮೇಲೆ ಪ್ರವೇಶಪತ್ರಗಳು ಬಂದವು, ಶಾಲೆಗಳಲ್ಲಿ ಹಂಚಿದ್ದೂ ಆಯಿತು. ಮಾರನೆಯ ಬೆಳಗ್ಗೆ ಮರಗೆಣಸಿನ ಗಾರಿ ಹಿಟ್ಟು ಮಾರುವ ಹೆಂಗಸೊಬ್ಬಳು ಅಂಗಡಿಗೆ ಬಂದಳು. ಸಂತೆಯಲ್ಲಿ ಅವಳನ್ನು ಎಲ್ಲರೂ ಇಯಾ ಇಬೇಜಿ, ಅವಳಿಗಳ ತಾಯಿ, ಎಂದೇ ಕರೆಯುವುದು. ಸೆರಗಿನ ಗಂಟು ಬಿಚ್ಚಿ ಎರಡು ಪ್ರವೇಶಪತ್ರ ತೆಗೆದು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟಳು. ಎರಡರಲ್ಲೂ ಮೀಸೆ ಚಿಗುರುತ್ತಿರುವ ಅದೇ ಹುಡುಗ.

"ಇದು ನನ್ನ ಕೆಹಿಂಡೆ," ಎಂದು ಒಂದರ ಮೇಲೆ ಬೆರಳಿಟ್ಟಳು. "ಇವನ್ಯಾರು ಮಗಳೇ?"

ಇದೋವು ಹೆಸರು ಓದಿದಳು. ಆ ತಾಯಿಯ ಮುಖ ನೋಡಿದಳು. ತೈವೋ ಇನ್ನಿಲ್ಲ ಎಂಬುದು ಆ ಮುಖದಲ್ಲೇ ಬರೆದಿತ್ತು. ಅವಳಿಗಳಲ್ಲಿ ಒಂದು ಹೋದರೆ ಈ ಊರಿನಲ್ಲಿ ಸತ್ತಿತು ಎನ್ನುವುದಿಲ್ಲ. ಉಳಿದದ್ದೂ ಅದರ ಹಿಂದೆ ಹೊರಟೀತು ಎಂಬ ಭಯ. ಆ ಮಾತು ಬಂದಾಗ ಸುಮ್ಮನಾಗುತ್ತಾರೆ.

"ದಡಾರ ಬಂದಿತ್ತು," ಎಂದಳು ಇಯಾ ಇಬೇಜಿ. "ಹಾಲುಹಲ್ಲು ಇನ್ನೂ ಬಿದ್ದಿರ್ಲಿಲ್ಲ."

"ಅಮ್ಮಾ, ತಪ್ಪಾಯ್ತು," ಎಂದು ಇದೋವು ಅವಳ ಕಾಲ ಬಳಿ ಮಂಡಿಯೂರಿ ಕೂತಳು. "ನಿಮಗೆ ಫೋನ್ ಮಾಡ್ದೆ, ಸಿಗ್ಲಿಲ್ಲ. ಮಕ್ಕಳ ವರ್ಷ ಹೋಗತ್ತೆ ಅಂತ... ನನ್ನ ಬುದ್ಧಿಗೆ ಬೆಂಕಿ ಬಿತ್ತು. ಈಗ್ಲೇ ಅಳಿಸಿ ಮಂಡಳಿಗೆ ಬರೀತೀನಿ."

ಒಳಗಿಂದ ಬಂದ ಲಾಸಿಸಿಗೆ ಒಂದೇ ನೋಟಕ್ಕೆ ಎಲ್ಲ ತಿಳಿಯಿತು. "ಅಳಿಸು, ಬೇಗ ಅಳಿಸು. ತಿದ್ದೋದಕ್ಕೆ ಇವತ್ತೊಂದೇ ದಿನ ಇರೋದು," ಎಂದ ಪಿಸುದನಿಯಲ್ಲಿ.

ಇದೋವು ಆ ಸಾಲನ್ನು ತೆರೆದಳು. ಅಳಿಸುವ ಬಟನ್ ಒತ್ತಿದಳು. ಈ ಸಾಲನ್ನು ನಿಜವಾಗಿಯೂ ಅಳಿಸಬೇಕೆ ಎಂದು ಪುಟ್ಟ ಕಿಟಕಿಯೊಂದು ತೆರೆದು ಕೇಳಿತು. ಗುರುವಾರದ ಅನಾಹುತದ ನಂತರ ಅವಳೇ ಸೇರಿಸಿದ್ದ ಪ್ರಶ್ನೆ ಅದು. ಇಯಾ ಇಬೇಜಿಗೆ ಓದಲು ಬರುತ್ತಿರಲಿಲ್ಲ. ಆದರೂ ತೆರೆಯ ಮೇಲಿನ ಮುಖ ಕಂಡು ತಟ್ಟನೆ ಇದೋವುವಿನ ಮಣಿಕಟ್ಟು ಹಿಡಿದಳು.

"ತಾಳು. ಪರೀಕ್ಷೆ ದಿನ ಹುಡುಗ ಬರ್ದೇ ಇದ್ರೆ ಪೊಲೀಸ್ರು ಬರ್ತಾರಾ?"

"ಇಲ್ಲಮ್ಮ. ಹೆಸರು ಕೂಗ್ತಾರೆ. ಇಲ್ಲ ಅಂದ್ರೆ ಗೈರುಹಾಜರಿ ಅಂತ ಬರ್ಕೋತಾರೆ. ಪ್ರತಿ ವರ್ಷ ಯಾರಾದ್ರೂ ತಪ್ಪಿಸ್ಕೊಂಡೇ ತಪ್ಪಿಸ್ಕೋತಾರೆ."

"ಹಂಗಾದ್ರೆ ಹಾಗೇ ಬರೀಲಿ. ಅಳಿಸ್ಬೇಡ." ಆ ಪ್ರವೇಶಪತ್ರವನ್ನು ಕೈಗೆತ್ತಿಕೊಂಡಳು. "ಹನ್ನೊಂದು ವರ್ಷದಿಂದ ಯಾರೂ ನನ್ನ ಮುಂದೆ ಅವನ ಹೆಸರು ಎತ್ತಿಲ್ಲ ಮಗಳೇ. ನಾನೂ ಎತ್ತಿಲ್ಲ. ಇಷ್ಟು ದೊಡ್ಡೋನಾಗಿರ್ತಿದ್ದ, ಮೀಸೆ ಬಂದಿರ್ತಿತ್ತು ಅಂತ ನಂಗೇ ಗೊತ್ತಿರ್ಲಿಲ್ಲ. ಒಂದು ಸಲ ಯಾರಾದ್ರೂ ಅವನ್ನ ಹೆಸರು ಹಿಡಿದು ಕೂಗ್ಲಿ. ಎಲ್ಲಿ ಅಂತ ಒಂದು ಸಲ ಹುಡುಕ್ಲಿ."

ಲಾಸಿಸಿ ಕುರ್ಚಿ ಎಳೆದು ಇಯಾ ಇಬೇಜಿಯನ್ನು ಕೂರಿಸಿದ. ಇದೋವು ಬೇಡ ಎಂಬುದನ್ನು ಒತ್ತಿದಳು.

ಪರೀಕ್ಷೆಯ ಬೆಳಗ್ಗೆ ಇದೋವುಗೆ ಮನೆಯಲ್ಲಿ ನಿಲ್ಲಲಾಗಲಿಲ್ಲ, ಶಾಲೆಯ ಹತ್ತಿರ ಹೋದಳು. ಸಭಾಂಗಣದ ಕಿಟಕಿಯ ಹೊರಗೆ ಇಯಾ ಇಬೇಜಿ ಆಗಲೇ ಬಂದು ನಿಂತಿದ್ದಳು, ಹಬ್ಬದ ಬಟ್ಟೆಯುಟ್ಟು, ತಲೆಗೆ ನೀಲಿ ರುಮಾಲು ಕಟ್ಟಿ. ಒಳಗೆ ಮೇಲ್ವಿಚಾರಕ ಹಾಜರಿ ಕೂಗುತ್ತಿದ್ದ. ಕೆಹಿಂಡೆ ಓಕೆವಾಲೆ ಎಂದಾಗ ಹುಡುಗ ಎದ್ದು ಕೂತ. ಪಟ್ಟಿ ಕೊನೆಯ ಹೆಸರುಗಳಿಗೆ ಬಂದಿತು.

"ತೈವೋ ಓಕೆವಾಲೆ."

ಮೇಲ್ವಿಚಾರಕ ತಲೆಯೆತ್ತಿ ಬೆಂಚುಗಳ ಮೇಲೆ ಕಣ್ಣಾಡಿಸಿದ. "ತೈವೋ ಓಕೆವಾಲೆ! ಬಂದಿದಾನಾ? ಯಾರಾದ್ರೂ ನೋಡಿದ್ರಾ?" ಎಂದು ಬಾಗಿಲವರೆಗೆ ನಡೆದುಬಂದು ಹೊರಗೆ ಇಣುಕಿದ. ಮಕ್ಕಳೂ ಕತ್ತು ತಿರುಗಿಸಿ ಖಾಲಿ ಜಾಗವನ್ನು ನೋಡಿದರು.

ಕೆಹಿಂಡೆ ಕೈಯೆತ್ತಿದ. "ನಮ್ಮಣ್ಣ ಸಾರ್," ಎಂದ. "ಬಂದಿಲ್ಲ."

ಕಿಟಕಿಯ ಹೊರಗೆ ಅವನ ತಾಯಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಇದೋವು ಅವಳನ್ನು ತಬ್ಬಿಕೊಂಡಳು. ಒಳಗೆ ಮೇಲ್ವಿಚಾರಕ ಗೈರುಹಾಜರಿ ಎಂದು ಬರೆದುಕೊಂಡು ಮುಂದಿನ ಹೆಸರು ಕೂಗಿದ.