ಅರವತ್ಮೂರರ ಬ್ರೇಕರ್

“ಏ ಬೋಸುಡಿ, ಪಗಾರ ತಿನ್ನೋದು ಮೋಟರ್ ನಡಸ್ಲಾಕೋ, ನಿಂದರ್ಸ್ಲಾಕೋ?”

ಕೊಳಾರದ ಬೇಳೆ ಗಿರಣಿಯ ಮಾಲೀಕ ಬಸವಣ್ಣೆಪ್ಪ ಹೀಗೆ ಒದರಿದಾಗ ಮುಕ್ತಾಳ ಕೈ ಇನ್ನೂ ಬ್ರೇಕರ್ ಪೆಟ್ಟಿಗೆಯೊಳಗಿತ್ತು. ಭಾಲ್ಕಿಯಲ್ಲಿ ಐಟಿಐ ಕಲಿತ ಭಾತಂಬ್ರಾದ ಹುಡುಗಿ ಅವಳು. ಗಿರಣಿಯ ವೈರಿಂಗೆಲ್ಲ ಅವಳದೇ. ತಾಯಿ ಶಾಂತಾಬಾಯಿ ಅಲ್ಲೇ ಕಾಳು ಮೇಲೆತ್ತುವ ಎಲಿವೇಟರಿನ ಬುಡದಲ್ಲಿ ಹೊಟ್ಟು ಬಳಿಯುತ್ತಿದ್ದಳು.

“ಬೇರಿಂಗ್ ಹೋಗ್ಯಾದ್ರಿ ಮಾಲಕ್ರ. ಈ ಮೋಟರ್ ಹದಿನೈದು ಆಂಪಿಯರ್ ಎಳೀಬೇಕು, ಇಪ್ಪತ್ತೆಂಟು ಎಳೀಲತ್ತದ. ಅದಕ್ಕ ಇಪ್ಪತ್ತರ ಬ್ರೇಕರ್ ಬಿದ್ದು ಕರೆಂಟ್ ಕಡೀಲತ್ತದ. ಬೇರಿಂಗ್ ಬದಲಿ ಮಾಡಸ್ರಿ.”

“ತೊಗರಿ ಸುಗ್ಗ್ಯಾಗ ಎರಡ್ ದಿನ ಗಿರಣಿ ಬಂದ್ ಇಡ್ಲೇನು? ಅರವತ್ಮೂರರದು ಹಾಕು.”

“ಅದು ಬೀಳಂಗಿಲ್ರಿ. ವೈರ್ ಸುಡ್ತದ.”

“ನಿಮ್ಮವ್ವ ಹೊಟ್ಟು ಬಳೀತಾಳ, ನೀ ನಂಗ ಸಾಲಿ ಕಲಸ್ತಿ? ಸರ್ದಾರ, ನೀ ಹಾಕೋ!”

ಫಿಟ್ಟರ್ ಸರ್ದಾರ ತಲೆ ತಗ್ಗಿಸಿಕೊಂಡು ಹಾಕಿದ. ಆಮೇಲೆ ಬ್ರೇಕರ್ ಒಂದು ಸಲವೂ ಬೀಳಲಿಲ್ಲ. ಬಸವಣ್ಣೆಪ್ಪ ಆಳುಗಳೆಲ್ಲರ ಎದುರಿಗೆ ಮುಕ್ತಾಳ ಕಾಲ ಬಳಿ ಎಲೆಯಡಿಕೆ ಉಗುಳಿದ. “ನೋಡ್ದಿ, ಶಾಣ್ಯಾಕಿ?”

ಎಂಟನೇ ದಿನ ವೈರು ಹೊತ್ತಿತು. ಅದರ ಕೆಳಗಿನ ಹೊಟ್ಟೂ ಹೊತ್ತಿತು. ಶಾಂತಾಬಾಯಿಯ ಎರಡೂ ಕೈ ಮೊಣಕೈವರೆಗೆ ಬೆಂದುಹೋದವು.

ಮಾಲೀಕನ ಬಾಯಲ್ಲಿ ಮಾತು ತಯಾರೇ ಇತ್ತು: “ಮುದುಕಿ ಬೀಡಿ ಸೇದಿ ಒಗದಾಳ.” ಜನ್ಮದಲ್ಲಿ ಬೀಡಿ ಮುಟ್ಟದ ಹೆಂಗಸು ಅದು! ತನಿಖೆಗೆ ಮುಂಚೆ ಹೊಸ ವೈರು ಬಂತು, ತೋರಿಕೆಗೆ ಇಪ್ಪತ್ತರ ಬ್ರೇಕರೂ ಬಂತು. ಬೇರಿಂಗಿಗೆ ಮಾತ್ರ ಆ ಜಿಪುಣ ಕೈ ಹಚ್ಚಲಿಲ್ಲ. ದವಾಖಾನೆಯಲ್ಲಿ ಅವ್ವನಿಗೆ ತುತ್ತು ತಿನ್ನಿಸುತ್ತಿದ್ದ ಮುಕ್ತಾಳ ಹೊಟ್ಟೆಗೆ ಆ ದಿನಗಳಲ್ಲಿ ಹಗೆ ಬಿಟ್ಟು ಬೇರೇನೂ ಇಳಿಯಲಿಲ್ಲ.

ಗಿರಣಿಗೆ ತನಿಖೆಗೆ ಬಂದ ಕಾರ್ಖಾನೆ ಇಲಾಖೆಯ ಸಾಹೇಬ ಬೀಡಿಯ ಕಥೆ ಬರೆದ ಕಾಗದವನ್ನು ಅವಳ ಮುಂದೆ ಇಟ್ಟ.

“ಮೊದಲಿಂದ ಇದೇ ಇಪ್ಪತ್ತರ ಬ್ರೇಕರ್ ಅದ ನೋಡ್ರಿ ಸಾಹೇಬ್ರ,” ಎಂದ ಬಸವಣ್ಣೆಪ್ಪ. “ಸೈ ಹಾಕು ಮುಕ್ತಾ. ಇಲ್ಲಂದ್ರ ನಾಳಿಂದ ಬರಬ್ಯಾಡ.”

ಹಾಕಿದರೆ ಅವ್ವನ ಬೆಂದ ಕೈಗಳಿಗೆ ಅವ್ವನೇ ಗುನ್ಹೆಗಾರಳು.

“ಹಾಕ್ತೇನ್ರಿ. ಮೊದಲ ಗಿರಣಿ ಚಾಲೂ ಮಾಡಸ್ರಿ, ಸಾಹೇಬ್ರು ನೋಡ್ಲಿ.”

ಹೊರಗೆ ತೊಗರಿ ಲಾರಿಗಳು ಸಾಲುಗಟ್ಟಿದ್ದವು. ಬಸವಣ್ಣೆಪ್ಪನಿಗೂ ಅದೇ ಬೇಕಿತ್ತು. ಗಿರಣಿ ಚಾಲೂ ಆಯಿತು. ಮೂರು ನಿಮಿಷಕ್ಕೆ ಬ್ರೇಕರ್ ಬಿತ್ತು. ಎತ್ತಿದರು, ಮತ್ತೆ ಬಿತ್ತು. ನಾಲ್ಕನೇ ಸಲ ಬಿದ್ದಾಗ ಲಾರಿಯವರು ಹಾರ್ನ್ ಬಾರಿಸತೊಡಗಿದರು. ಬಸವಣ್ಣೆಪ್ಪನ ಪಿತ್ತ ನೆತ್ತಿಗೇರಿತು.

“ಏ ಸರ್ದಾರ, ಆ ಅರವತ್ಮೂರರದೇ ತಂದು ಹಾಕಲೇ ಮಗನ, ಮೊದಲ ಹ್ಯಾಂಗಿತ್ತೋ ಹಾಂಗ!”

ಸಾಹೇಬನ ಪೆನ್ನು ನಿಂತಿತು. ಬಸವಣ್ಣೆಪ್ಪ ನಾಲಿಗೆ ಕಚ್ಚಿಕೊಂಡ. ದನಿ ಬೆಣ್ಣೆಯಾಯಿತು.

“ಮುಕ್ತಾ, ನೀ ನನ್ನ ಮಗಳಿದ್ದಂಗ. ನಿಮ್ಮವ್ವನ ಸಂಕಟ ನಂಗ ತಿಳೀದಿಲ್ಲೇನವಾ?”

“ಇಲ್ರಿ. ತಿಳಸ್ತೇನಿ ಬರ್ರಿ.”

ಮುಕ್ತಾ ಅವನ ಮಣಿಕಟ್ಟು ಹಿಡಿದು ಎಳೆದಳು, ನಾಲ್ಕು ಸಲ ಹೆಣಗಿ ನಿಂತಿದ್ದ ಮೋಟರಿನ ಕಾದ ಬೇರಿಂಗ್ ಮುಚ್ಚಳದ ಮೇಲೆ ಅವನ ಅಂಗೈ ಒತ್ತಿದಳು. ಬಸವಣ್ಣೆಪ್ಪ ಚೀರಿಕೊಂಡ. ಸಾಹೇಬ ಓಡಿ ಬಂದ. ಸರ್ದಾರ ಸಾಹೇಬನಿಗೆ ಅಡ್ಡ ನಿಂತ, ಸರ್ದಾರನ ಹಿಂದೆ ಹೊಟ್ಟು ಬಳಿಯುವ ಹೆಂಗಸರು ನಿಂತರು.

“ಇದು ಇಪ್ಪತ್ತರ ಬಿಸಿ, ಮಾಲಕ್ರ,” ಎಂದಳು ಮುಕ್ತಾ, ಇನ್ನಷ್ಟು ಒತ್ತಿ. “ಅರವತ್ಮೂರರದು ನಮ್ಮವ್ವ ಕಂಡಾಳ.”