ದಿನವೂ ತವರಿಗೆ ಹೊರಟ ರಾಮಮ್ಮ

ಚಳಿಗಾಲದ ಬೆಳಗು. ಹೊಳೆಯ ಮೇಲೆ ಮಂಜು ಮಲಗಿತ್ತು. ಈ ದಡ ಕೊಡಗು, ಆ ದಡ ಮೈಸೂರು ಸೀಮೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು ರಾಮಮ್ಮ ಆಚೆ ದಡವನ್ನೇ ನೋಡುತ್ತಿದ್ದಳು. ಮಂಜಿನೊಳಗಿಂದ ತೆಳ್ಳನೆಯ ಹೊಗೆಯೊಂದು ಮೇಲೇಳುತ್ತಿತ್ತು. ಅದು ಅವಳ ತಾಯಿ ನಿಂಗಮ್ಮನ ಒಲೆಯ ಹೊಗೆ. ತಾಯಿಗೆ ಕಣ್ಣು ಕಾಣದಾಗಿ ವರ್ಷವಾಯಿತು, ಆಕೆ ಇತ್ತ ಬರಲಾರಳು. ರಾಮಮ್ಮನೇ ಹೋಗಬೇಕು.

ಹರಿಗೋಲು ಹತ್ತಿದರೆ ಎಲೆ ಅಡಿಕೆ ಜಗಿದು ಮುಗಿಸುವಷ್ಟರಲ್ಲಿ ಆಚೆ ದಡ. ಆದರೆ ದೀಪಾವಳಿಯ ದಿನ ಅಂಬಿಗ ಸಣ್ಣಸ್ವಾಮಿ ಒಂದು ಮಾತು ಆಡಿದ್ದ.

"ಅಕ್ಕಾ, ನೀವು ಹತ್ತಿದ್ರೆ ಇನ್ನಿಬ್ರು ಇಳೀಬೇಕಾಯ್ತದೆ!"

ಎಲ್ಲರೂ ನಕ್ಕರು. ರಾಮಮ್ಮನೂ ನಕ್ಕಳು. ನಗುತ್ತಲೇ ಮನೆಗೆ ತಿರುಗಿದವಳು ಮತ್ತೆ ಹರಿಗೋಲಿನ ಬಳಿ ಸುಳಿಯಲಿಲ್ಲ. ಕನಸಿನಲ್ಲಿ ಮಾತ್ರ ಬೂರುಗದ ಹತ್ತಿಯಂತೆ ಹೊಳೆಯ ಮೇಲೆ ತೇಲಿಕೊಂಡು ಹೋಗಿ ತಾಯಿಯ ಅಂಗಳದಲ್ಲಿ ಇಳಿಯುತ್ತಿದ್ದಳು.

ಮೈ ಹೀಗೆ ಬೆಳೆದದ್ದು ಮನೆ ನೆಮ್ಮದಿ ಕಂಡ ಮೇಲೆ. ಪೇಟೆಯಲ್ಲಿ ಅಕ್ಕಿ ಗಿರಣಿ ಬಂತು, ಮನೆಯಲ್ಲಿ ಒನಕೆ ಮೂಲೆ ಸೇರಿತು. ರಾಗಿ ಹೋಗಿ ಮಲ್ಲಿಗೆಯಂಥ ಬಿಳಿ ಅನ್ನ ಬಂತು. ಅತ್ತೆ ಸಿದ್ದಮ್ಮ ಬಡಿಸಲು ಕೂತರೆ ಸೊಸೆ "ಸಾಕು" ಎಂದದ್ದು ಆಕೆಯ ಕಿವಿಗೆ ಬೀಳುತ್ತಲೇ ಇರಲಿಲ್ಲ. ಹಾಸನದ ಕಡೆಯಿಂದ ಬರಿಗೈಯಲ್ಲಿ ಬಂದು, ಗಂಜಿ ಕಂಡರೆ ಹಬ್ಬ ಎಂದುಕೊಂಡಿದ್ದ ಜೀವ ಅದು. ಯಾರ ತಟ್ಟೆ ಖಾಲಿಯಾದರೂ ಆಕೆಗೆ ಸಂಕಟ.

ಒಂದು ವಾರ ರಾಮಮ್ಮ ಯಾರಿಗೂ ಹೇಳದೆ ತನ್ನ ಊಟವನ್ನು ಹಸುವಿಗೆ ಇಟ್ಟಳು. ಬೇಗ ತೆಳ್ಳಗಾಗಿ ಹರಿಗೋಲು ಹತ್ತುವ ಆಸೆ. ಹಸು ಮಿರಮಿರನೆ ಮಿಂಚಿತು. ರಾಮಮ್ಮ ಬಾವಿಕಟ್ಟೆಯ ಬಳಿ ತಲೆಸುತ್ತಿ ಬಿದ್ದಳು.

ಪಕ್ಕದ ಬೀದಿಗೆ ಬಾಣಂತಿಯನ್ನು ನೋಡಲು ಬಂದಿದ್ದ ಸೂಲಗಿತ್ತಿ ಯಮುನ ಓಡಿ ಬಂದಳು. ಮಡಿಕೇರಿಯಲ್ಲಿ ತರಬೇತಿ ಪಡೆದು ಬಂದವಳು. ಉಪ್ಪು ಹಾಕಿದ ಮಜ್ಜಿಗೆ ಕುಡಿಸಿ ಕೇಳಿದಳು.

"ಎಂತ ಮಾಡಿಕೊಂಡ್ರಿ ರಾಮಮ್ಮಕ್ಕ?"

"ಉಪವಾಸ ಇದ್ದೆ ಕಣಮ್ಮ. ಮೈ ಇಳೀಲಿ ಅಂತ."

"ಹಿಂಗೆ ಮಾಡಿದ್ರೆ ಮೈಗಿಂತ ಮೊದಲು ಜೀವ ಇಳೀತದೆ!"

ಸಿದ್ದಮ್ಮನಿಗೆ ರೇಗಿತು. "ಇಳಿಸೋದು ಯಾಕೆ ಅಂತೀನಿ! ಸೊಸೆ ಮೈಕೈ ತುಂಬ್ಕೊಂಡಿದ್ರೆ ಮನೆಗೆ ಲಕ್ಷಣ. ಸೊರಗಿದ್ರೆ ಹೊಟ್ಟೆಗಿಕ್ಕದ ಅತ್ತೆ ಅಂತ ಊರೇ ಆಡ್ಕೊಳ್ತದೆ."

"ಸೊರಗೋದು ಬೇರೆ, ಹಗುರಾಗೋದು ಬೇರೆ, ಅಜ್ಜಿ. ದಿಬ್ಬ ಹತ್ತಿದ್ರೆ ಇವರಿಗೆ ಏದುಸಿರು. ಮಂಡಿ ನೋವು. ಇದೆಲ್ಲ ಎದೆಗೆ ಹೊರೆಯಲ್ವಾ? ಮೊದಲು ಪೇಟೆ ಡಾಕ್ಟ್ರಿಗೆ ತೋರಿಸಿ. ಆಮೇಲೆ ಊಟ ಬದಲಾಯಿಸಿ."

"ಇನ್ನೇನು, ಸೊಪ್ಪು ಸದೆ ಹಾಕ್ಲಾ ನನ್ ಸೊಸೆಗೆ?"

"ಸೊಪ್ಪೇ ಹಾಕಿ! ಈಗ ತಟ್ಟೆ ತುಂಬ ಅನ್ನ, ಮೂಲೇಲಿ ಚೂರು ಪಲ್ಯ. ಅದನ್ನ ತಿರುಗಿಸಿ. ಸೊಪ್ಪು, ತರಕಾರಿ, ಹುರುಳಿಕಾಳು ಜಾಸ್ತಿ, ಅನ್ನ ಕಮ್ಮಿ. ಇಲ್ಲಾ ಒಂದು ಸಣ್ಣ ಮುದ್ದೆ. ಹೊತ್ತು ಹೊತ್ತಿಗೆ ಉಣ್ಣಬೇಕು, ಬಿಡಬಾರದು. ಗಳಿಗೆಗೊಂದು ಬೆಲ್ಲದ ಕಾಫಿ, ಕರಿದ ತಿಂಡಿ ಮಾತ್ರ ಬೇಡ."

"ಮುದ್ದೆನಾ? ಮುದ್ದೆ ಬಿಟ್ಟು ಅನ್ನ ಉಣ್ಣೋಕೆ ಅಲ್ವೇನಮ್ಮ ನಾವು ಹೊಳೆ ದಾಟಿ ಬಂದಿದ್ದು!"

ಯಮುನ ನಕ್ಕು ರಾಮಮ್ಮನ ಕಡೆ ತಿರುಗಿದಳು. "ನೀವು ದಿನಾ ನಡೀಬೇಕು."

"ಎಲ್ಲಿಗೆ ಅಂತ ನಡೀಲಿ? ಕೆಲಸ ಇಲ್ದೆ ಹೆಂಗಸು ರಸ್ತೇಲಿ ಹೋದ್ರೆ ನೂರು ಜನ ಕೇಳ್ತಾರೆ."

"ತವರಿಗೆ ಅನ್ನಿ."

"ಹರಿಗೋಲು ನಾ ಹತ್ತಲ್ಲ."

"ಹರಿಗೋಲು ಯಾರಿಗೆ ಬೇಕು? ಕುಶಾಲನಗರದ ಸೇತುವೆ ಇಲ್ವಾ?"

"ಅಯ್ಯೋ, ಅಷ್ಟು ದೂರ!"

"ಇವತ್ತೇ ಮುಟ್ಟಬೇಕು ಅಂತ ಹೇಳಿದ್ಯಾರು ಮಾರಾಯ್ತಿ? ಆದಷ್ಟು ಹೋಗಿ, ವಾಪಸ್ ಬನ್ನಿ. ನಾಳೆ ಮತ್ತೆ ಹೊರಡಿ."

ಡಾಕ್ಟರು ಪರೀಕ್ಷಿಸಿ, ನಿಧಾನಕ್ಕೆ ನಡೆಯಲು ಅಡ್ಡಿಯಿಲ್ಲ ಎಂದರು. ಮಾರನೆಯ ಬೆಳಗ್ಗೆ ಗಂಡ ಕೆಂಪಣ್ಣ "ಗಾಡಿ ಕಟ್ಲಾ?" ಎಂದ. ರಾಮಮ್ಮ "ಬೇಡ, ನಡೆದೇ ಹೋಗ್ತೀನಿ" ಎಂದು ಸೆರಗು ಸಿಕ್ಕಿಸಿ ಹೊರಟಳು. ಊರಾಚೆಯ ಹೊಂಗೆಯ ಮರ ತಲುಪುವಷ್ಟರಲ್ಲಿ ಉಸಿರು ಕಟ್ಟಿತು. ಕೂತು ಸುಧಾರಿಸಿಕೊಂಡು ಮನೆಗೆ ಬಂದಳು.

"ಎಲ್ಗೆ ಹೊಂಟೆ ರಾಮಮ್ಮ?" ಎಂದು ದಿನವೂ ಯಾರಾದರೂ ಕೇಳುತ್ತಿದ್ದರು.

"ತವರಿಗೆ."

"ನಿನ್ನೆನೂ ತವರಿಗೇ ಹೊಂಟಿದ್ದೆ!"

"ಹೂಂ. ಇನ್ನೂ ಮುಟ್ಟಿಲ್ಲ."

ಊರಿಗೆ ಅದೊಂದು ತಮಾಷೆಯಾಯಿತು. ರಾಮಮ್ಮನಿಗೆ ಮಾತ್ರ ಅದೊಂದು ಕನಸು. ಮಂಜಿನಲ್ಲಿ ದಾರಿ ಸ್ವಲ್ಪ ಸ್ವಲ್ಪವೇ ತೆರೆದುಕೊಳ್ಳುವುದು, ಪಕ್ಕದಲ್ಲೇ ಹೊಳೆ ತನ್ನ ಪಾಡಿಗೆ ಮಾತಾಡಿಕೊಂಡು ಬರುವುದು. ಹೊಂಗೆಮರ ದಾಟಿದಳು. ಗದ್ದೆ ಬಯಲು ದಾಟಿದಳು. ಕೆಲವು ದಿನ ಹಿಂದಿನ ದಿನದಷ್ಟೂ ಆಗದೆ, ಪೆಚ್ಚುಮೋರೆ ಹಾಕಿಕೊಂಡು ತಿರುಗಿದ್ದೂ ಉಂಟು. ಆದರೆ ಕಾಫಿ ಹೂವಿನ ಪರಿಮಳ ಗಾಳಿ ತುಂಬಿದ ವಾರ ಸೇತುವೆಯ ಮಧ್ಯೆ ನಿಂತು ಕೆಳಗಿನ ನೀರು ನೋಡುತ್ತಿದ್ದಳು. ಮಂಡಿ ಸುಮ್ಮನಿತ್ತು. ರಾತ್ರಿ ಒಳ್ಳೆಯ ನಿದ್ದೆ.

ಸಿದ್ದಮ್ಮ ಎಲ್ಲವನ್ನೂ ನೋಡುತ್ತಿದ್ದಳು. ಸೊಸೆ ಸೊರಗಿರಲಿಲ್ಲ, ಮುಖ ಕಳೆಗಟ್ಟಿತ್ತು. ಒಂದು ದಿನ ತಾನೇ ರಾಗಿ ಬೀಸಿದಳು. ಎಲ್ಲರ ತಟ್ಟೆಗೂ ಸಣ್ಣ ಮುದ್ದೆ, ಸೌಟು ತುಂಬ ಸೊಪ್ಪಿನ ಸಾರು ಬಂತು. ಕೆಂಪಣ್ಣ ಬೆರಳು ನೆಕ್ಕಿಕೊಂಡು, "ಇದನ್ನ ಬಿಟ್ಟು ಎಷ್ಟು ದಿನ ಆಗಿತ್ತವ್ವ!" ಎಂದ.

ಮುಂಗಾರಿಗೆ ಮುಂಚಿನ ಒಂದು ಬೆಳಗ್ಗೆ ರಾಮಮ್ಮ ಹೇಳಿದಳು, "ಅತ್ತೆ, ಇವತ್ತು ಮುಟ್ತೀನಿ ಅನ್ಸುತ್ತೆ."

"ತಡಿ, ನಾನೂ ಬರ್ತೀನಿ. ಬೀಗ್ತಿ ಏನಾರು ಅಂದ್ರೆ ಜವಾಬು ಕೊಡೋಕೆ ನಾನಿರಬೇಕು."

ಇಬ್ಬರೂ ಅಲ್ಲಲ್ಲಿ ಕೂತು, ಎದ್ದು, ಸೇತುವೆ ದಾಟಿ, ಬಿಸಿಲು ಏರುವ ಹೊತ್ತಿಗೆ ನಿಂಗಮ್ಮನ ಅಂಗಳಕ್ಕೆ ಬಂದರು. ಮಗಳ ದನಿ ಕೇಳಿ ತಾಯಿ ತಡವರಿಸುತ್ತಾ ಬಂದು ಅವಳ ಕೆನ್ನೆ, ಭುಜ, ತೋಳು ಸವರಿದಳು. ಕೈ ಅಲ್ಲೇ ನಿಂತಿತು.

"ಇದೇನೇ ರಾಮಿ, ತೋಳು ಹಿಂಗಾಗೈತೆ? ಗಂಡನ ಮನೇಲಿ ಹೊಟ್ಟೆಗೆ ಹಾಕಲ್ವೇನೇ?"

ರಾಮಮ್ಮ ಬಾಯಿ ತೆರೆಯುವ ಮೊದಲೇ ಸಿದ್ದಮ್ಮ ಜಗಲಿಯ ಮೇಲೆ ಕೂತು ಬೆವರು ಒರೆಸಿಕೊಂಡಳು.

"ಹಾಕ್ತೀವಿ ಬೀಗ್ತಿ. ಮೊದ್ಲು ನನ್ನ ಪ್ರೀತಿ ಎಷ್ಟೋ ಅಷ್ಟು ಹಾಕ್ತಿದ್ದೆ. ಈಗ ಅವಳ ಹಸಿವು ಎಷ್ಟೋ ಅಷ್ಟು ಹಾಕ್ತೀನಿ. ಅದ್ಕೇ ನೋಡು, ನಿನ್ನ ಮಗಳು ತನ್ನ ಕಾಲ ಮೇಲೆ ನಡ್ಕೊಂಡು ನಿನ್ನ ಹತ್ರ ಬಂದಿದ್ದಾಳೆ."

ನಿಂಗಮ್ಮ ಮಗಳ ತೋಳನ್ನು ಬಿಡಲೇ ಇಲ್ಲ.

ಅಕ್ಕತಂಗಿಯರೇ, ನಿಮ್ಮ ಮನೆಯಲ್ಲಿ ಯಾರಾದರೂ "ಸಾಕು" ಎಂದಾಗ ಆ ಮಾತನ್ನು ಕೇಳಿಸಿಕೊಳ್ಳಿ. ಮೈ ಭಾರವೆನಿಸಿದರೆ ಉಪವಾಸ ಬೀಳಬೇಡಿ, ನಾಚಿ ಮೂಲೆ ಸೇರಬೇಡಿ, ಭಾರವಾದವರನ್ನು ನೋಡಿ ನಗಲೂಬೇಡಿ. ಡಾಕ್ಟರನ್ನು ಕೇಳಿ, ತಟ್ಟೆಯಲ್ಲಿ ಸೊಪ್ಪು ಕಾಳು ಹೆಚ್ಚಿಸಿ, ದಿನವೂ ನಡೆಯಿರಿ. ನಿಮಗೂ ಹೋಗಬೇಕೆನಿಸುವ ಒಂದು ಅಂಗಳ ಎಲ್ಲೋ ಇದ್ದೇ ಇರುತ್ತದೆ. ನಾಳೆ ಬೆಳಗ್ಗೆ ಅದರ ಕಡೆಗೆ ಹೊರಡಿ. ಮೊದಲ ದಿನ ಮುಟ್ಟದಿದ್ದರೂ ಚಿಂತೆಯಿಲ್ಲ.